ಅಪರಾಧಶಾಸ್ತ್ರದಲ್ಲಿ ಎಂಎ ಮಾಡಬೇಕು ಅಂತಿದ್ದೇನೆ, ಓದಿದವರು ಹೇಳಿ

ವರದಾ ತೀರ

ಎಲ್ಲರಿಗೂ ನಮಸ್ಕಾರ. ನಾನು ಹಾನಗಲ್ ಕಡೆಯವಳು. ಈ ವರ್ಷ ಬಿಎ ಮುಗಿಯುತ್ತದೆ, ಸಮಾಜಶಾಸ್ತ್ರ ಮತ್ತು ಮನಃಶಾಸ್ತ್ರ ಓದಿದ್ದೇನೆ. ಮುಂದೆ ಅಪರಾಧಶಾಸ್ತ್ರದಲ್ಲಿ ಎಂಎ ಮಾಡುವ ಆಸೆ. ಮನೆಯಲ್ಲಿ ಬಿಎಡ್ ಮಾಡು, ಟೀಚರ್ ಆಗು ಅನ್ನುತ್ತಾರೆ. ವಿಷಯದ ಹೆಸರು ಹೇಳಿದ ದಿನ ಅಪ್ಪ, "ಕಳ್ಳರ ಬಗ್ಗೆ ಎರಡು ವರ್ಷ ಓದೋದಕ್ಕೆ ಏನಿದೆ?" ಅಂದರು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಈ ಆಸೆ ಹುಟ್ಟಿದ್ದಕ್ಕೆ ಒಂದು ಕಾರಣ ಇದೆ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಹುಡುಗನೊಬ್ಬ ಕಳ್ಳತನದ ಕೇಸಿನಲ್ಲಿ 14 ತಿಂಗಳು ಜೈಲಿನಲ್ಲಿದ್ದ. ಆಮೇಲೆ ಕೇಸು ನಿಲ್ಲಲಿಲ್ಲ, ಖುಲಾಸೆ ಆಯಿತು. ಊರಿಗೆ ಬಂದ ಮೇಲೆ ಅವನನ್ನು ಯಾರೂ ಗೋವಿನಜೋಳ ಮುರಿಯುವ ಕೆಲಸಕ್ಕೂ ಕರೆಯಲಿಲ್ಲ. ತಪ್ಪು ಮಾಡಿಲ್ಲ ಅಂತ ಕೋರ್ಟೇ ಹೇಳಿದ ಮೇಲೂ ಹೀಗ್ಯಾಕೆ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಎಲ್ಲಿ ಓದಬೇಕು? ಧಾರವಾಡವಾ, ಮೈಸೂರಾ, ಹೊರಗೆ ಹೋಗಬೇಕಾ? ಫೋರೆನ್ಸಿಕ್ ಮತ್ತು ಇದು ಒಂದೇನಾ? ಓದಿದ ಮೇಲೆ ಕೆಲಸ ಏನು? ಇನ್ನೊಂದು, ನಾನು ಪೂರ್ತಿ ಕನ್ನಡ ಮಾಧ್ಯಮ. ಇಂಗ್ಲಿಷ್ ಪುಸ್ತಕ ನೋಡಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಸಪ್ತಾಪುರ ಗಲ್ಲಿ

ತಂಗಿ, ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಓದಿದವನು. ಧಾರವಾಡದ ವಿಭಾಗದ ಹೆಸರಿನಲ್ಲೇ ಅಪರಾಧಶಾಸ್ತ್ರ, ವಿಧಿವಿಜ್ಞಾನ (ಅದೇ ಫೋರೆನ್ಸಿಕ್) ಎರಡೂ ಇವೆ. ಅದಕ್ಕೇ ಹೊರಗಿನವರಿಗೆ ಎರಡೂ ಒಂದೇ ಅಂತ ಕಾಣುತ್ತದೆ. ಒಂದೇ ಅಲ್ಲ. ಮನೆಗೆ ಕಳ್ಳ ನುಗ್ಗಿದ ಅಂತ ಇಟ್ಟುಕೋ. ಬಾಗಿಲ ಮೇಲಿನ ಬೆರಳಚ್ಚು ಯಾರದು ಅಂತ ಹೇಳೋದು ಫೋರೆನ್ಸಿಕ್. ಈ ಓಣಿಯಲ್ಲೇ ಯಾಕೆ, ಈ ತಿಂಗಳಲ್ಲೇ ಯಾಕೆ, ಅವನು ಈ ದಾರಿಗೆ ಹೇಗೆ ಬಂದ, ಜೈಲಿಗೆ ಹಾಕಿದರೆ ಬದಲಾಗುತ್ತಾನಾ, ಆ ಮನೆಯವರು ಮತ್ತೆ ರಾತ್ರಿ ನಿದ್ದೆ ಮಾಡೋದು ಹೇಗೆ, ಇದನ್ನೆಲ್ಲ ಕೇಳೋದು ಅಪರಾಧಶಾಸ್ತ್ರ.

ನಿನ್ನ ಗೆಳೆಯನ ವಿಷಯಕ್ಕೆ ನಮ್ಮ ಪಠ್ಯದಲ್ಲಿ ಒಂದು ಹೆಸರೇ ಇದೆ. ಲೇಬಲಿಂಗ್ ಸಿದ್ಧಾಂತ, ಹಣೆಪಟ್ಟಿ ಅಂತ ನಾವು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಅಮೆರಿಕದ ಹೋವರ್ಡ್ ಬೆಕರ್ 1963ರಲ್ಲಿ ಇದನ್ನು ಬಲವಾಗಿ ಹೇಳಿದ. ಒಬ್ಬನ ಕೃತ್ಯಕ್ಕಿಂತ ಜನ ಅವನಿಗೆ ಹಚ್ಚುವ ಹೆಸರು ಜಾಸ್ತಿ ಕೆಲಸ ಮಾಡುತ್ತದೆ ಅನ್ನೋದು ಅದರ ಸಾರ. "ಕಳ್ಳ" ಅಂತ ಕರೆದು ಕೆಲಸ ಕೊಡದೇ ಹೋದರೆ ಅವನಿಗೆ ಉಳಿಯುವ ದಾರಿ ಯಾವುದು, ಅಲ್ವಾ? ಈ ಪಾಠ ಕೇಳಿದ ದಿನ ನನಗೆ ನಮ್ಮೂರಿನ ನಾಲ್ಕೈದು ಮುಖ ಒಂದೇ ಸಲ ಕಣ್ಣ ಮುಂದೆ ಬಂದವು.

ಪ್ರಬಂಧಕ್ಕೆ ನಾನು ತಗೊಂಡಿದ್ದು ಬೈಕ್ ಕಳ್ಳತನ. ಕೋಹೆನ್ ಮತ್ತು ಫೆಲ್ಸನ್ ಅನ್ನುವವರು 1979ರಲ್ಲಿ ಹೇಳಿದ ಮಾತು ಒಂದಿದೆ. ಕಳ್ಳತನ ಆಗಬೇಕಾದರೆ ಮೂರು ಕೂಡಬೇಕು: ಮನಸ್ಸು ಮಾಡಿದವನು, ಕೈಗೆ ಸಿಗುವ ವಸ್ತು, ನೋಡಿಕೊಳ್ಳುವವರು ಇಲ್ಲದ ಹೊತ್ತು. ಇದನ್ನು ಪರೀಕ್ಷೆ ಮಾಡಲು ನಾನು ಒಂದು ವಾರದ ಸಂತೆಯ ಹೊರಗೆ ಕಬ್ಬಿನ ಹಾಲಿನ ಗಾಡಿ ಪಕ್ಕ ಮೂರು ವಾರ ಕೂತೆ. ಜನ ಬೈಕ್ ನಿಲ್ಲಿಸುತ್ತಾರೆ, ಎರಡು ಕೈಯಲ್ಲಿ ಚೀಲ, ಹ್ಯಾಂಡಲ್ ಲಾಕ್ ಮಾಡುವ ತಾಳ್ಮೆ ಇಲ್ಲ. ಒಬ್ಬರಂತೂ ಕೀಲಿ ಗಾಡಿಯಲ್ಲೇ ಬಿಟ್ಟು ಒಳಗೆ ಹೋದರು. ಕಬ್ಬಿನ ಹಾಲಿನ ಅಜ್ಜ ಎದ್ದು ಹೋಗಿ ಆ ಕೀಲಿ ತೆಗೆದು ತನ್ನ ಗಲ್ಲಾ ಡಬ್ಬಿಯಲ್ಲಿ ಇಟ್ಟುಕೊಂಡ. ಮಾಲೀಕ ಬಂದು ಗಾಬರಿಯಾದಾಗ ಬೈದು ಕೊಟ್ಟ. ಪುಸ್ತಕದಲ್ಲಿರುವ "ನೋಡಿಕೊಳ್ಳುವವರು" ಅನ್ನೋ ಪದಕ್ಕೆ ನನಗೆ ಅರ್ಥ ಸಿಕ್ಕಿದ್ದು ಅಲ್ಲಿ. ಪೊಲೀಸರು ಆ ಜಾಗದಲ್ಲಿ ಇರಲೇ ಇಲ್ಲ, ಆದರೂ ಕಳ್ಳತನ ನಿಂತಿತ್ತು.

ಲ್ಯಾಬ್ ಕೋಟು

ಮೇಲಿನ ಅಣ್ಣ ಚೆನ್ನಾಗಿ ಹೇಳಿದ್ದಾರೆ. ಫೋರೆನ್ಸಿಕ್ ಬಗ್ಗೆ ನಾನು ಸೇರಿಸುತ್ತೇನೆ, ಯಾಕಂದರೆ ಈ ಗೊಂದಲದಲ್ಲಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಬಿಎ ಮಾಡಿದವರಿಗೆ ಪ್ರಯೋಗಾಲಯದ ಹುದ್ದೆ ಸಿಗೋದು ಹೆಚ್ಚುಕಡಿಮೆ ಆಗದ ಮಾತು. ರಕ್ತ, ವಿಷ, ಡಿಎನ್‌ಎ, ಗುಂಡಿನ ಗುರುತು, ಇದಕ್ಕೆಲ್ಲ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರದ ಹಿನ್ನೆಲೆ ಕೇಳುತ್ತಾರೆ. ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡಬೇಕು ಅನ್ನುವವರು ಬಿಎಸ್ಸಿಯಿಂದಲೇ ಆ ದಾರಿ ಹಿಡಿಯಬೇಕು. ಈಗ ಆ ಕಡೆ ಬೇಡಿಕೆ ಬೆಳೆಯುತ್ತಿದೆ ನಿಜ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹೊಸ ಕಾನೂನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅದರ ಸೆಕ್ಷನ್ 176(3) ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೋರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಲೇಬೇಕು, ಅದನ್ನು ವಿಡಿಯೊ ಮಾಡಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ 5 ವರ್ಷ ಅವಕಾಶ ಇದೆ. ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ, 2023ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು.

ಬೇಡಿಕೆ ನೋಡಿ ಎಲ್ಲೆಂದರಲ್ಲಿ ಕೋರ್ಸು ಶುರುವಾಗಿವೆ. ನಾನೇ ಮೊದಲು ಒಂದು ಖಾಸಗಿ ಕಾಲೇಜಿಗೆ ಸೇರಿದ್ದೆ, ಹೆಸರು ಬೇಡ. ಜಾಹೀರಾತಿನಲ್ಲಿ ದೊಡ್ಡ ಲ್ಯಾಬ್ ಫೋಟೊ ಇತ್ತು. ಹೋಗಿ ನೋಡಿದರೆ ಒಂದು ಕೋಣೆ, ಎರಡು ಮೈಕ್ರೋಸ್ಕೋಪ್, ಅದರಲ್ಲೂ ಒಂದರ ಲೆನ್ಸ್ ಬಿರುಕು ಬಿಟ್ಟಿತ್ತು. ಬೆರಳಚ್ಚು ಎತ್ತುವ ಪುಡಿ ಖಾಲಿ ಅಂತ ನಾವು ಮುಖಕ್ಕೆ ಹಚ್ಚುವ ಪೌಡರ್ ಹಾಕಿ ಪ್ರಾಕ್ಟಿಕಲ್ ಮಾಡಿದ್ದೇವೆ. ಒಂದು ವರ್ಷ ಹಾಳಾಯಿತು, ಅಪ್ಪನ ಸಾಲ ಹಾಗೇ ಉಳಿಯಿತು. ಅದಕ್ಕೇ ಕೈ ಮುಗಿದು ಹೇಳುತ್ತೇನೆ, ಎಲ್ಲೇ ಸೇರಿ, ಮೊದಲು ಹೋಗಿ ಕಣ್ಣಾರೆ ನೋಡಿ. ಈಗ ಎರಡನೇ ವರ್ಷದಲ್ಲಿರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಕೌಂಟರಿನಲ್ಲಿ ಕೂತವರು ಹೇಳದ್ದನ್ನು ಅವರು ಹೇಳುತ್ತಾರೆ.

ನಿವೃತ್ತ ರೈಟರ್

ಮಗಳೇ, ನಾನು ಠಾಣೆಯಲ್ಲಿ 30 ವರ್ಷದ ಮೇಲೆ ಕೆಲಸ ಮಾಡಿದವನು, ಅದರಲ್ಲಿ ಬಹುಪಾಲು ರೈಟರ್ ಆಗಿ, ಅಂದರೆ ದೂರು, ದಾಖಲೆ ಬರೆಯುವವನಾಗಿ. ನೇರವಾಗಿ ಹೇಳುತ್ತೇನೆ. ಪಿಎಸ್‌ಐ ಪರೀಕ್ಷೆಗೆ ಯಾವುದೇ ಪದವಿ ಸಾಕು. ಎಂಎ ಅಪರಾಧಶಾಸ್ತ್ರ ಮಾಡಿದೆ ಅಂತ ಓಟದಲ್ಲಾಗಲೀ ಲಿಖಿತದಲ್ಲಾಗಲೀ ಯಾರೂ ನಿನ್ನನ್ನು ಸಾಲು ತಪ್ಪಿಸಿ ಮುಂದೆ ಬಿಡೋದಿಲ್ಲ. ಪೊಲೀಸ್ ಆಗೋದಷ್ಟೇ ಗುರಿ ಆದರೆ ಆ ಎರಡು ವರ್ಷ ಪರೀಕ್ಷೆಗೆ ಓದು.

ಆದರೆ ಒಳಗೆ ಬಂದ ಮೇಲೆ ಈ ಓದು ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣುತ್ತದೆ. ನಮ್ಮ ಠಾಣೆಗೆ ಒಬ್ಬ ಪ್ರೊಬೇಷನರಿ ಮೇಡಂ ಬಂದಿದ್ದರು, ಇದನ್ನೇ ಓದಿದ್ದರು. ಮನೆಗಳ್ಳತನದ ಹಳೇ ಎಫ್‌ಐಆರ್‌ಗಳನ್ನು ತೆಗೆಸಿ, ಎರಡು ವರ್ಷದ್ದು, ಒಂದು ಡ್ರಾಯಿಂಗ್ ಶೀಟಿನ ಮೇಲೆ ಓಣಿ ಓಣಿ ಗುರುತು ಹಾಕಿದರು. ನಾವು ಯಾವತ್ತೂ ಹಾಗೆ ನೋಡಿರಲಿಲ್ಲ. ಮುಕ್ಕಾಲುಪಾಲು ಚುಕ್ಕೆ ಹೊಸ ಬಡಾವಣೆಯ ಒಂದೇ ಬದಿಗೆ, ಅರ್ಧ ಕಟ್ಟಿದ ಮನೆಗಳ ಸಾಲಿನ ಹಿಂದೆ ಬಿದ್ದವು. ಬೀಟ್ ಬದಲಾಯಿಸಿದೆವು.

ಅಂಕಿಅಂಶ ಓದುವಾಗ ನೆನಪಿಟ್ಟುಕೋ, ಆ ಸಂಖ್ಯೆ ಹುಟ್ಟೋದು ರೈಟರ್ ಟೇಬಲ್ ಮೇಲೆ. ದೂರು ತಂದವನಿಗೆ ಎಫ್‌ಐಆರ್ ಮಾಡಿಕೊಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ. "ಪೆಟಿಷನ್ ಎನ್‌ಕ್ವೈರಿ ಮಾಡೋಣ, ನಾಳೆ ಬಾ" ಅಂದರೆ ಬರೋದಿಲ್ಲ. ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಸಂಜ್ಞೇಯ ಅಪರಾಧಕ್ಕೆ (ಪೊಲೀಸರು ವಾರಂಟ್ ಇಲ್ಲದೇ ಬಂಧಿಸಬಹುದಾದದ್ದು) ಎಫ್‌ಐಆರ್ ಮಾಡಲೇಬೇಕು ಅಂತ ಹೇಳಿದೆ. ಆದರೂ ಎಷ್ಟೋ ಜನ ಬೈಕಿನ ಇನ್ಶೂರೆನ್ಸ್ ಬೇಕಾದಾಗ ಮಾತ್ರ ಗಟ್ಟಿಯಾಗಿ ನಿಂತು ಎಫ್‌ಐಆರ್ ಕೇಳುತ್ತಾರೆ, ಉಳಿದವರು ತಿರುಗಿ ಹೋಗುತ್ತಾರೆ. ಇನ್ನೂ ಒಂದು. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ ಎರಡೂ ಇದ್ದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಲ್ಲಿ ದೊಡ್ಡದು ಮಾತ್ರ ಎಣಿಕೆಗೆ ಹೋಗುತ್ತದೆ. ಹಾಗಾಗಿ ಒಂದು ಜಿಲ್ಲೆಯಲ್ಲಿ ಅಪರಾಧ ಜಾಸ್ತಿ ಅಂತ ಪೇಪರಿನಲ್ಲಿ ಬಂದರೆ, ಅಲ್ಲಿ ಅಪರಾಧ ಜಾಸ್ತಿಯೋ, ಬರೆದುಕೊಳ್ಳುವವರು ಪ್ರಾಮಾಣಿಕರೋ ಅಂತ ಮೊದಲು ಕೇಳಬೇಕು.

ಮಂಜಿನೂರು

ರೈಟರ್ ಸರ್, ನಿಮ್ಮ ಕೊನೆಯ ಪ್ಯಾರಾ ನನಗೆ ಇಡೀ ಒಂದು ಸೆಮಿಸ್ಟರ್ ಪಾಠ. ನಾನಿರುವ ಇಂಗ್ಲೆಂಡಿನಲ್ಲಿ ಅದನ್ನು "ಡಾರ್ಕ್ ಫಿಗರ್" ಅಂತ ಓದಿಸಿದರು, ದಾಖಲೆಗೆ ಬಾರದ ಅಪರಾಧ. ಇಲ್ಲಿ ಅದಕ್ಕೇ ಪೊಲೀಸ್ ಲೆಕ್ಕದ ಜೊತೆಗೆ ಮನೆ ಮನೆಗೆ ಹೋಗಿ "ಈ ವರ್ಷ ನಿಮಗೇನಾದರೂ ಆಯಿತಾ" ಅಂತ ಕೇಳುವ ಸಮೀಕ್ಷೆ 1980ರ ದಶಕದಿಂದ ನಡೆಯುತ್ತಿದೆ. ನಮ್ಮಲ್ಲಿ ಅಂಥದ್ದು ನಿರಂತರವಾಗಿ ಇಲ್ಲ. ಯಾರಾದರೂ ತಮ್ಮ ಒಂದು ತಾಲೂಕಿಗಾದರೂ ಮಾಡಿದರೆ ಎಂಥ ಒಳ್ಳೆ ಪ್ರಬಂಧ ಆಗುತ್ತದೆ!

ವರದಾ, ಹೊರದೇಶದ ಬಗ್ಗೆ ಕೇಳಿದ್ದೀಯಲ್ಲ. ನಾನು ಶಿವಮೊಗ್ಗದವಳು, ಇಲ್ಲಿ ಒಂದು ವರ್ಷದ ಎಂಎಸ್ಸಿ ಮಾಡಿದೆ. ಇಲ್ಲಿ ಎಂಎಸ್ಸಿ ಅಂದರೂ ಲ್ಯಾಬ್ ಇಲ್ಲ, ಪೂರ್ತಿ ಸಮಾಜವಿಜ್ಞಾನ. ಒಂದು ವರ್ಷ ಅಂದರೆ ನಿಜವಾಗಿ ಉಸಿರಾಡೋದಕ್ಕೆ ಪುರುಸೊತ್ತಿಲ್ಲ. ನನ್ನ ಪ್ರಬಂಧಕ್ಕೆ ಕರ್ನಾಟಕದ ಜೈಲಿನ ಹೆಣ್ಣುಮಕ್ಕಳನ್ನು ಮಾತಾಡಿಸಬೇಕು ಅಂತಿತ್ತು. ನೈತಿಕ ಸಮಿತಿಯ ಒಪ್ಪಿಗೆ, ಇಲ್ಲಿನದು, ಅಲ್ಲಿನ ಇಲಾಖೆಯದು, ಎರಡೂ ಸಿಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ ಅಂತ ಗೈಡ್ ಹೇಳಿದರು. ಕೊನೆಗೆ ಛಾಪಿಸಿದ ವರದಿಗಳನ್ನಿಟ್ಟುಕೊಂಡು ಬರೆದೆ. ಅಂಕ ಬಂತು. ನಾನು ಬರೆದ ಒಬ್ಬ ಹೆಂಗಸಿನ ಮುಖವನ್ನೂ ನೋಡಿಲ್ಲ ಅನ್ನೋ ಕೊರಗು ಇವತ್ತಿಗೂ ಇದೆ.

ಕೆಲಸದ ವಿಷಯಕ್ಕೆ ಬಂದರೆ, ಇಲ್ಲಿನ ಪೊಲೀಸ್, ಜೈಲು, ಪ್ರೊಬೇಷನ್ ಕೆಲಸಗಳಿಗೆ ಹಿನ್ನೆಲೆ ತಪಾಸಣೆ ಇರುತ್ತದೆ, ಹಲವು ವರ್ಷ ಇಲ್ಲೇ ಇದ್ದಿರಬೇಕು ಅನ್ನುತ್ತಾರೆ. ಈಗ ಬಂದ ವಿದ್ಯಾರ್ಥಿಗೆ ಆ ಬಾಗಿಲು ತೆರೆಯೋದು ಕಷ್ಟ. ಓದು ಮುಗಿದ ಮೇಲೆ ಉಳಿಯಲು ಕೊಡುವ ಗ್ರಾಜುಯೇಟ್ ವೀಸಾ 2 ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಎಸ್ಸಿಯವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಮನೆ ಅಡ ಇಟ್ಟು ಬರುವ ಕೋರ್ಸು ಇದಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಮೊದಲು ನಮ್ಮಲ್ಲೇ ಓದು, ಆಮೇಲೆ ಸ್ಕಾಲರ್‌ಶಿಪ್ ಸಿಕ್ಕರೆ ಪಿಎಚ್‌ಡಿಗೆ ಬಾ.

ಗೇಟಿನ ಆಚೆ

ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಮುಂಬೈನ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಓದಿದವಳು. ಅಲ್ಲಿ ಇದನ್ನು ಸಮಾಜಕಾರ್ಯದ ಎಂಎ ಒಳಗೆ, ಅಪರಾಧಶಾಸ್ತ್ರ ಮತ್ತು ನ್ಯಾಯ ಅಂತ ಓದಿಸುತ್ತಾರೆ. ಕ್ಲಾಸಿನ ಜೊತೆಜೊತೆಗೇ ಫೀಲ್ಡ್ ವರ್ಕ್ ಇರುತ್ತದೆ: ಜೈಲು, ಕೋರ್ಟು, ಬಾಲಮಂದಿರ. ಆ ಸಂಸ್ಥೆಯದೇ "ಪ್ರಯಾಸ್" ಅನ್ನೋ ಯೋಜನೆ 1990ರಿಂದ ಜೈಲಿನಲ್ಲಿರುವವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುತ್ತಿದೆ. ಈಗ ನಾನು ನಮ್ಮ ರಾಜ್ಯದ ಒಂದು ಜೈಲಿನ ಹೊರಗೆ ಕೆಲಸ ಮಾಡುತ್ತೇನೆ, ಊರು ಹೇಳೋದಿಲ್ಲ.

ಜೈಲು ಅಂದರೆ ಶಿಕ್ಷೆ ಅನುಭವಿಸುವ ಜಾಗ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 2022ರ ಕೊನೆಯ ಅಧಿಕೃತ ಲೆಕ್ಕ ನೋಡಿ. ದೇಶದ ಜೈಲುಗಳಲ್ಲಿ 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ 100ಕ್ಕೆ 75ಕ್ಕಿಂತ ಜಾಸ್ತಿ ಜನರ ಮೇಲೆ ಇನ್ನೂ ತೀರ್ಪೇ ಆಗಿಲ್ಲ.

ಅವರಲ್ಲಿ ಎಷ್ಟೋ ಜನಕ್ಕೆ ಜಾಮೀನು ಮಂಜೂರಾಗಿರುತ್ತದೆ. ಆದರೂ ಒಳಗೇ ಇರುತ್ತಾರೆ. ಯಾಕೆ? ಪಹಣಿ. ಶ್ಯೂರಿಟಿ, ಅಂದರೆ ಆರೋಪಿ ಪರವಾಗಿ ಹೊಣೆ, ಕೊಡುವವರ ಹೆಸರಿನಲ್ಲಿ ಜಮೀನಿರಬೇಕು, ಅವರು ಪಹಣಿ ಹಿಡಿದು ಕೋರ್ಟಿಗೆ ಬರಬೇಕು. ಕೂಲಿ ಮಾಡುವವರ ಮನೆಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಲೈಫ್‌ಬಾಯ್ ಸೋಪು, ಬಿಸ್ಕತ್ತು, ಮಗನ ಅಂಗಿ. ಕೇಸ್ ನಂಬರನ್ನು ರೇಷನ್ ಕಾರ್ಡಿನ ಜೆರಾಕ್ಸ್ ಹಿಂದೆ ಯಾರೋ ಬರೆದುಕೊಟ್ಟಿದ್ದರು, ಮಳೆಗೆ ಅರ್ಧ ಅಳಿಸಿತ್ತು. "ಬೇಲ್ ಆಗೈತಂತ ವಕೀಲರು ಹೇಳ್ಯಾರ. ಹೊಲ ಇದ್ದವರ ಎಂಟು ಮನಿ ಬಾಗಿಲಿಗೆ ಹೋಗಿ ಬಂದೆ, ಯಾರೂ ಪಹಣಿ ಕೊಡವಲ್ಲರು" ಅಂದರು. ಸಿಟ್ಟಿರಲಿಲ್ಲ ಅವರಿಗೆ. ಬಸ್ಸು ತಪ್ಪಿತು ಅನ್ನೋ ಹಾಗೆ ಹೇಳಿದರು.

ಇಲ್ಲಿ ಓದು ಕೆಲಸಕ್ಕೆ ಬರುತ್ತದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನ ನನಗೆ ಗೊತ್ತಿತ್ತು. ಜಾಮೀನಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು. ಪ್ರಾಧಿಕಾರಕ್ಕೆ ಒಂದು ಪುಟದ ಅರ್ಜಿ ಬರೆದೆವು. 19 ದಿನಕ್ಕೆ ಹುಡುಗ ಹೊರಗೆ ಬಂದ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 479 ಕೂಡ ಇದೆ. ಮೊದಲ ಸಲ ಸಿಕ್ಕಿಬಿದ್ದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು, ಮರಣದಂಡನೆ ಅಥವಾ ಜೀವಾವಧಿ ಇರುವ ಕೇಸುಗಳಿಗೆ ಅನ್ವಯ ಆಗಲ್ಲ.

ವರದಾ, ನಿಮ್ಮ ಅಪ್ಪ ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ಎರಡು ವರ್ಷ ಓದೋದು ಕಳ್ಳರ ಬಗ್ಗೆ ಅಲ್ಲ. ಆ ಬೆಂಚಿನ ಮೇಲೆ ಕೂತವರು ಅಲ್ಲಿಗೆ ಬಂದು ಕೂರೋದಕ್ಕೆ ಯಾವ ಯಾವ ಬಾಗಿಲು ಮುಚ್ಚಿದವು ಅನ್ನೋದರ ಬಗ್ಗೆ.

ಗಿರಣಿ ಚಾಳ

ಹುಬ್ಬಳ್ಳಿಯವನು ನಾನು. ಇಲ್ಲಿಯವರೆಗೆ ಬರೆದವರು ಯಾರೂ ಮುಟ್ಟದ ಒಂದು ವಿಷಯ ಇದೆ, ಅದನ್ನು ಹೇಳದೇ ಈ ಶಾಸ್ತ್ರ ಓದಬಾರದು.

ಎಲ್ಲ ಕೋರ್ಸಿನಲ್ಲೂ ಮೊದಲ ಸೆಮಿಸ್ಟರಿನಲ್ಲಿ ಲೊಂಬ್ರೋಸೊ ಬರುತ್ತಾನೆ. ಇಟಲಿಯ ವೈದ್ಯ, ತಲೆಬುರುಡೆ ಅಳೆದು "ಹುಟ್ಟು ಅಪರಾಧಿ" ಇರುತ್ತಾರೆ ಅಂತ 1876ರಲ್ಲಿ ಹೇಳಿದವನು. ಅದು ತಪ್ಪು ಅಂತ ಮುಂದಿನ ಪಾಠದಲ್ಲೇ ಓದಿಸಿ ಮುಗಿಸುತ್ತಾರೆ. ಆದರೆ ಅವನಿಗಿಂತ 5 ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇದೇ ವಿಚಾರವನ್ನು ನಮ್ಮ ದೇಶದಲ್ಲಿ ಕಾನೂನು ಮಾಡಿಬಿಟ್ಟಿದ್ದರು. ಕ್ರಿಮಿನಲ್ ಟ್ರೈಬ್ಸ್ ಆಕ್ಟ್. ಇಡೀ ಜಾತಿಗೆ ಜಾತಿಯೇ ಅಪರಾಧಿ. ಮಗು ಹುಟ್ಟಿದರೆ ಅದೂ ಅಪರಾಧಿ. 1911ರ ಕಾಯ್ದೆಯಿಂದ ಅದು ದೇಶಕ್ಕೆಲ್ಲ ಹರಡಿತು. ಮುಂಬೈ ಪ್ರಾಂತ್ಯದಲ್ಲಿ ಈ ಜನರನ್ನು ತಂದು ಸೆಟ್ಲಮೆಂಟ್ ಅನ್ನೋ ವಸತಿಗಳಲ್ಲಿ ಇಟ್ಟರು, ಗಿರಣಿ ಮತ್ತು ರೈಲ್ವೆ ಕೆಲಸಕ್ಕೆ ಹತ್ತಿರ. ಹುಬ್ಬಳ್ಳಿಯಲ್ಲಿ ಆಟೊದವರಿಗೆ ಇವತ್ತೂ "ಸೆಟ್ಲಮೆಂಟ್" ಅಂದರೆ ಗೊತ್ತು. ಎಲ್ಲರೂ ಆ ಹೆಸರು ಹೇಳುತ್ತಾರೆ, ಅದು ಯಾಕೆ ಬಂತು ಅಂತ ಕೇಳುವವರು ಕಡಿಮೆ.

ನಮ್ಮ ಅಜ್ಜಿ ಸೆಟ್ಲಮೆಂಟ್ ಒಳಗೆ ಹುಟ್ಟಿದವಳು. ಹಾಜರಿ ಕೊಡೋದಕ್ಕೆ ಅವಳ ಅವ್ವ ಇವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳಂತೆ. ಸಾಯುವ ತನಕ ಅಜ್ಜಿ ಯಾರಾದರೂ ಗಟ್ಟಿಯಾಗಿ ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳು. ನಾವು ಚಿಕ್ಕವರಿದ್ದಾಗ ಅದು ಯಾಕೆ ಅಂತ ತಿಳಿಯುತ್ತಿರಲಿಲ್ಲ.

1952ರಲ್ಲಿ ಆ ಕಾಯ್ದೆ ಹೋಯಿತು. ವಿಮುಕ್ತ ಬುಡಕಟ್ಟು ಅಂತ ಹೊಸ ಹೆಸರು ಬಂತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ಕರ್ನಾಟಕದ್ದು 1961ರದು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ಈ ಬುಡಕಟ್ಟುಗಳನ್ನು ಹುಟ್ಟಿನಿಂದ ಅಪರಾಧಿ ಅಂತ ಕಾಣುವುದು ಉಳಿದೇ ಇತ್ತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ನಿಯಮಗಳನ್ನು ರದ್ದು ಮಾಡಿತು. ಒಬ್ಬ ಪತ್ರಕರ್ತೆ ಜೈಲು ಕೈಪಿಡಿಗಳನ್ನು ಒಂದೊಂದಾಗಿ ಓದಿದ್ದರಿಂದ ಅದು ಆಯಿತು. ತಂಗಿ, ನೀನು ಧಾರವಾಡಕ್ಕೆ ಬಂದರೆ ಹುಬ್ಬಳ್ಳಿ 20 ಕಿಲೋಮೀಟರ್ ಆಚೆ. ಬಂದು ನಮ್ಮ ಹಿರಿಯರ ಮಾತು ಬರೆದುಕೋ. ಅಜ್ಜಿಯ ಕಾಲದವರು ಇನ್ನು ಹೆಚ್ಚು ಜನ ಉಳಿದಿಲ್ಲ.

ಸಪ್ತಾಪುರ ಗಲ್ಲಿ

ಅಣ್ಣಾ, ನಾನು ಅಲ್ಲೇ ಎರಡು ವರ್ಷ ಇದ್ದೆ, ಸೆಟ್ಲಮೆಂಟ್ ಮೂಲಕ ನೂರು ಸಲ ಹೋಗಿದ್ದೇನೆ. ಒಮ್ಮೆಯೂ ಇಳಿದು ಕೇಳಲಿಲ್ಲ. ನಾಚಿಕೆ ಆಗುತ್ತಿದೆ. ನಿಮಗೆ ಸಂದೇಶ ಕಳಿಸಿದ್ದೇನೆ, ನೋಡಿ.

ಕುಕ್ಕರಹಳ್ಳಿ ಏರಿ

ಪಾಠ ಮಾಡುವವಳಾಗಿ ಎರಡು ಮಾತು. ಮೈಸೂರಿನಲ್ಲಿ ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಇದೆ. ಹೊರಗೆ ಹೋಗುವುದಾದರೆ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದ ವಿಭಾಗ 1959ರದು, ದೇಶದಲ್ಲೇ ಹಳೆಯದು. ಸೈಬರ್ ಅಪರಾಧದ ಕಡೆ ಒಲವಿದ್ದರೆ ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯ ನೋಡು. ದೆಹಲಿಯ ಲೋಕನಾಯಕ ಜಯಪ್ರಕಾಶ ನಾರಾಯಣ ಸಂಸ್ಥೆ ಈಗ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಭಾಗ. ಸೇರುವ ಮೊದಲು ಪದವಿ ಪತ್ರದ ಮೇಲೆ ಎಂಎ ಅಂತ ಬರುತ್ತದೋ ಎಂಎಸ್ಸಿ ಅಂತ ಬರುತ್ತದೋ, ವಿಷಯದ ಹೆಸರು ಏನಂತ ಇರುತ್ತದೆ ಅಂತ ಕೇಳಿ ಬರೆದುಕೋ. ನೇಮಕಾತಿ ಅಧಿಸೂಚನೆಯಲ್ಲಿ ಒಂದು ಪದ ಹೊಂದದೇ ಅರ್ಜಿ ತಿರಸ್ಕಾರ ಆದ ಮಕ್ಕಳು ನನ್ನ ಮುಂದೆ ಅತ್ತಿದ್ದಾರೆ.

ಪಾಠ ಮಾಡುವ ಆಸೆ ಇದ್ದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಅಪರಾಧಶಾಸ್ತ್ರ ಪ್ರತ್ಯೇಕ ವಿಷಯ, ಕೋಡ್ 68. ವಿಧಿವಿಜ್ಞಾನ ಬೇರೆ, ಅದು 82. ನಿನ್ನಂಥವರಿಗೆ ಇನ್ನೊಂದು ದಾರಿ ಮಕ್ಕಳ ರಕ್ಷಣೆ. ಬಾಲನ್ಯಾಯ ಕಾಯ್ದೆ 2015ರ ಅಡಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಿವೆ, ಪರಿವೀಕ್ಷಣಾಧಿಕಾರಿಗಳಿರುತ್ತಾರೆ, ಆಪ್ತಸಮಾಲೋಚಕರಿರುತ್ತಾರೆ. ಹಲವು ಹುದ್ದೆ ಗುತ್ತಿಗೆಯವು, ಸಂಬಳ ಕಡಿಮೆ, ಅದನ್ನು ಮುಚ್ಚಿಡೋದಿಲ್ಲ. ಆದರೆ 16 ವರ್ಷದ ಹುಡುಗನ ಬಗ್ಗೆ ಪರಿವೀಕ್ಷಣಾಧಿಕಾರಿ ಬರೆಯುವ ಸಾಮಾಜಿಕ ತನಿಖಾ ವರದಿ, ಮೂರು ನಾಲ್ಕು ಪುಟ, ಬಾಲನ್ಯಾಯ ಮಂಡಳಿಯ ಮುಂದೆ ಅವನ ಇಡೀ ಬದುಕನ್ನು ತಿರುಗಿಸಬಲ್ಲದು. ಅದನ್ನು ಬರೆಯುವವರು ಓದಿಕೊಂಡವರಾಗಿರಬೇಕು ಅಂತ ನನ್ನ ಹಟ.

ಇಂಗ್ಲಿಷ್ ಭಯ ಬಿಡು. ನನ್ನ ಒಬ್ಬಳು ವಿದ್ಯಾರ್ಥಿನಿ, ಎಚ್.ಡಿ. ಕೋಟೆ ಕಡೆಯವಳು, ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಳು. ಎಡಕ್ಕೆ ಇಂಗ್ಲಿಷ್ ಪದ ಕನ್ನಡ ಲಿಪಿಯಲ್ಲಿ, ಬಲಕ್ಕೆ ತನ್ನ ಊರಿನ ಮಾತಿನಲ್ಲಿ ಅರ್ಥ. "ಡಿಟರೆನ್ಸ್" ಎದುರಿಗೆ "ಹೆದರಿಕೆಯಿಂದ ಕೈ ತಡೆಯೋದು" ಅಂತ ಬರೆದಿದ್ದಳು. ಅದಕ್ಕಿಂತ ಒಳ್ಳೆ ಅರ್ಥವನ್ನು ನಾನು ಪುಸ್ತಕದಲ್ಲಿ ನೋಡಿಲ್ಲ. ಎರಡನೇ ಸೆಮಿಸ್ಟರ್ ಹೊತ್ತಿಗೆ ಕ್ಲಾಸಿನವರೆಲ್ಲ ಆ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡಿದ್ದರು.

ಗೇಟಿನ ಆಚೆ

ಒಂದು ಕೆಲಸದ ಮಾತು ಬಿಟ್ಟುಹೋಗಿತ್ತು. ಪ್ರಬಂಧಕ್ಕೆ ಜೈಲಿನ ಒಳಗೆ ಮಾತಾಡಿಸಬೇಕು ಅನ್ನೋ ಯೋಚನೆ ಇದ್ದರೆ ವಿಭಾಗದ ಪತ್ರದ ಜೊತೆ ಕಾರಾಗೃಹ ಇಲಾಖೆಯ ಒಪ್ಪಿಗೆಗೆ ಬೇಗ ಅರ್ಜಿ ಹಾಕಿ, ಕೊನೆಯ ಸೆಮಿಸ್ಟರಿನ ತನಕ ಕಾಯಬೇಡಿ. ಒಳಗೆ ಬಿಡದಿದ್ದರೂ ನಿರಾಶೆ ಬೇಡ. ಸಂದರ್ಶನಕ್ಕೆ ಬಂದವರು ಹೊರಗೆ ಕೂತಿರುತ್ತಾರಲ್ಲ, ಅವರನ್ನು ಯಾರೂ ಕೇಳಿರೋದಿಲ್ಲ. ಮೊದಲ ದಿನ ಪ್ರಶ್ನಾವಳಿ ತೆಗೆಯಬೇಡಿ. ಅವರ ಫಾರ್ಮ್ ತುಂಬಿಕೊಡಿ, ಕೋರ್ಟಿನ ತಾರೀಖು ಮೊಬೈಲಿನಲ್ಲಿ ನೋಡಿ ಹೇಳಿ. ಮಾತು ತಾನಾಗಿ ಬರುತ್ತದೆ.

ವರದಾ ತೀರ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಪರೀಕ್ಷೆ ಇತ್ತು. ನೀವು ಬರೆದಿದ್ದನ್ನೆಲ್ಲ ಎರಡು ಸಲ ಓದಿದೆ. ಗೇಟಿನ ಆಚೆ ಅಕ್ಕ ಬರೆದಿದ್ದನ್ನು ಮೊನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಪಹಣಿ ವಿಷಯ ಬಂದಾಗ ಅಪ್ಪ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟರು. ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಜೊತೆ ಓದಿದ ಆ ಹುಡುಗನ ಅವ್ವ ನಮ್ಮ ಮನೆಗೂ ಬಂದಿದ್ದಳು. ನಾನು ಕೊಡಲಿಲ್ಲ" ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಅವಳು ಬಂದಾಗ ನಾನು ಹಾವೇರಿ ಹಾಸ್ಟೆಲಿನಲ್ಲಿದ್ದೆ.

ಆಮೇಲೆ ಅಪ್ಪ ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ನಿನ್ನೆ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು, "ಧಾರವಾಡಕ್ಕೆ ಅರ್ಜಿ ಹಾಕೋದಕ್ಕೆ ಕಡೇ ದಿನ ಯಾವುದು?" ಅಂತ ಕೇಳಿದರು. ಈ ಗುರುವಾರ ಇಬ್ಬರೂ ಹೋಗಿ ವಿಭಾಗ ನೋಡಿಕೊಂಡು ಬರುತ್ತೇವೆ. ಲ್ಯಾಬ್ ಕೋಟು ಅಕ್ಕ ಹೇಳಿದ ಹಾಗೆ ಕ್ಯಾಂಟೀನಿಗೂ ಹೋಗುತ್ತೇನೆ. ಗಿರಣಿ ಚಾಳ ಅಣ್ಣಾ, ನಿಮಗೆ ಅಭ್ಯಂತರ ಇಲ್ಲದಿದ್ದರೆ ಬರುವಾಗ ಹುಬ್ಬಳ್ಳಿಯಲ್ಲಿ ಇಳಿಯಲಾ?

ಇನ್ನೊಂದು ಸಣ್ಣ ಅನುಮಾನ. ಯುಯುಸಿಎಂಎಸ್ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಲು ಆರನೇ ಸೆಮಿಸ್ಟರ್ ಅಂಕಪಟ್ಟಿ ಈಗಲೇ ಬೇಕಾ?

ಗಿರಣಿ ಚಾಳ

ಬಾ ತಂಗಿ. ಅಪ್ಪನನ್ನೂ ಕರೆದುಕೊಂಡು ಬಾ. ಹೊಸ ಬಸ್ ಸ್ಟ್ಯಾಂಡಿಗೆ ಬಂದು ಫೋನ್ ಮಾಡು, ನಾನೇ ಬರುತ್ತೇನೆ. ಊಟ ನಮ್ಮ ಮನೆಯಲ್ಲೇ.

ಸಪ್ತಾಪುರ ಗಲ್ಲಿ

ಐದನೇ ಸೆಮಿಸ್ಟರ್ ತನಕದ್ದು, ಜಾತಿ ಆದಾಯ ಪ್ರಮಾಣಪತ್ರ, ಆಧಾರ್, ಎರಡು ಫೋಟೊ ಕೈಯಲ್ಲಿ ಇಟ್ಟುಕೊಂಡು ಹೋಗು. ಫಲಿತಾಂಶ ಬರದಿದ್ದರೆ ಏನು ಮಾಡಬೇಕು ಅಂತ ವಿಭಾಗದ ಆಫೀಸಿನಲ್ಲೇ ಕೇಳು, ವರ್ಷಕ್ಕೊಂದು ಸಲ ನಿಯಮ ಬದಲಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡ, 11 ಗಂಟೆ ಒಳಗೆ ಅಲ್ಲಿರು.